ನದಿಯ ಮೇಲೆ ಬದು

ಬೆಳಿಗ್ಗೆ ಆರೂ ನಲವತ್ತಕ್ಕೆ ಹಿರೇಗಡ್ಡಿಯಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಒಂಬತ್ತು ಡಿಗ್ರಿ ಕೆಳಗಿತ್ತು. ಕೃಷ್ಣಾ ನದಿ ಹೆಪ್ಪುಗಟ್ಟಿತ್ತು.

ಹಿರೇಗಡ್ಡಿ ರಾಯಚೂರು ಸೀಮೆಯ ಒಂದು ನಡುಗಡ್ಡೆ. ನದಿ ಅಲ್ಲಿ ಎರಡಾಗಿ ಒಡೆದು ಊರನ್ನು ಬಳಸಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ನಲವತ್ತನಾಲ್ಕು ಡಿಗ್ರಿ ಕಂಡ ಜನ ಅವರು. ಈಗ ಮೂರು ವಾರದಿಂದ ಅವರ ಅಂಗಳದಲ್ಲಿ ಕೊಡದ ನೀರು ಕೊಡದ ಆಕಾರದಲ್ಲೇ ಕಲ್ಲಾಗುತ್ತಿತ್ತು. ತಾಮ್ರದ ಕೊಡಗಳ ತಳ ಸೀಳಿತ್ತು. ಹಿಮ ಎಂಬುದು ಪತ್ರಿಕೆಗಳ ಮಾತು. ಹಿರೇಗಡ್ಡಿಯವರು ಅದನ್ನು ಹತ್ತಿ ಎಂದರು. ಬೆಳಿಗ್ಗೆ ಎದ್ದು ಎಷ್ಟು ಹತ್ತಿ ಬಿದ್ದಿದೆ ಎಂದು ಕೇಳುವುದು, ಮಾರಲಿಕ್ಕೆ ಬರದ ಬೆಳೆ ಎಂದು ನಗುವುದು ಮೊದಲ ವಾರ ನಡೆಯಿತು. ಎರಡನೆಯ ವಾರ ಇಬ್ಬರು ಗಂಡಸರು ಜೋಳ ತರಲೆಂದು ನದಿಯ ಮೇಲೆ ನಡೆದು ಹೋದರು. ನಡುವಿನಲ್ಲಿ, ದಂಡೆಯ ಮೇಲಿದ್ದವರು ನೋಡುತ್ತಿದ್ದಂತೆಯೇ, ಮೊದಲು ಒಬ್ಬ, ಅವನತ್ತ ಕೈಚಾಚಿದ ಇನ್ನೊಬ್ಬ, ಇಬ್ಬರೂ ಕಾಣೆಯಾದರು. ಆ ವಾರ ಮತ್ತೆ ಯಾರೂ ನಗಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ರೇಡಿಯೊದಲ್ಲಿ ದಿನವೂ ಹೇಳುತ್ತಿದ್ದರು. ಹನ್ನೊಂದು ವರ್ಷಗಳಿಂದ ಜಗತ್ತಿನ ದೇಶಗಳು ಸೇರಿ ಭೂಮಿಯ ಬಿಸಿ ಇಳಿಸಲೆಂದು ವಾಯುಮಂಡಲದ ಮೇಲಿನ ಪದರಕ್ಕೆ ಗಂಧಕದ ನುಣ್ಣನೆಯ ಕಣಗಳನ್ನು ವಿಮಾನಗಳಿಂದ ಚೆಲ್ಲುತ್ತಿದ್ದವು. ಕಣಗಳು ಬಿಸಿಲಿನ ಒಂದು ಪಾಲನ್ನು ಮರಳಿ ಕಳಿಸುತ್ತಿದ್ದವು. ಲೆಕ್ಕ ಸರಿಯಾಗಿಯೇ ಇತ್ತು. ಹನ್ನೆರಡನೆಯ ವರ್ಷ ಎರಡು ದೊಡ್ಡ ಜ್ವಾಲಾಮುಖಿಗಳು ಒಂದರ ಹಿಂದೆ ಒಂದು ಸಿಡಿದು, ಅದೇ ಪದರಕ್ಕೆ ಅದೇ ಗಂಧಕವನ್ನು ಹತ್ತು ಪಟ್ಟು ಸುರಿದವು. ಅದು ಲೆಕ್ಕದಲ್ಲಿರಲಿಲ್ಲ. ಉತ್ತರ ಧ್ರುವವನ್ನು ಸುತ್ತುವ ಗಾಳಿಯ ಬಳೆ ಮುರಿದು, ಅದರೊಳಗಿನ ಚಳಿ ಮೊದಲು ಸಿಂಧೂ ಬಯಲಿಗೆ, ಅಲ್ಲಿಂದ ದಖ್ಖನಿಗೆ ಇಳಿಯಿತು. ಗಾಳಿಯಲ್ಲಿ ಬೂದಿ ಇದ್ದುದರಿಂದ ಹೆಲಿಕಾಪ್ಟರುಗಳು ಹಾರುತ್ತಿರಲಿಲ್ಲ.

ಅಂದು ಬೆಳಗಿನ ಭಯ ಹೊಸದು. ನಡುಗಡ್ಡೆಗಿಂತ ಮೇಲೆ, ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟೆ ಇದೆ. ಅದರ ನಿಯಂತ್ರಣ ಕೊಠಡಿಯಲ್ಲಿ ಸುಮಂಗಲಾ ಹಿರೇಗೌಡರ ಎಂಬ ಎಂಜಿನಿಯರ್ ಎರಡು ದಿನದಿಂದ ಮನೆಗೆ ಹೋಗದೆ ಕುಳಿತಿದ್ದರು. ನಲವತ್ತು ದಾಟಿದ ಹೆಂಗಸು. ಸೀರೆಯ ಮೇಲೆ ಗಂಡನ ಕೋಟು, ಕೋಟಿನ ಮೇಲೆ ಕಂಬಳಿ. ಇನ್ನೂ ಮೇಲೆ, ನದಿಯಲ್ಲಿ ಕಟ್ಟಿಕೊಂಡಿದ್ದ ಮಂಜುಗಡ್ಡೆಯ ರಾಶಿಯೊಂದು ಒಡೆದು ಜಲಾಶಯಕ್ಕೆ ನೀರು ಬರುತ್ತಿತ್ತು. ಬಾಗಿಲು ತೆರೆದು ಬಿಡಲೇಬೇಕು. ಆದರೆ ಅಣೆಕಟ್ಟೆಯ ಉಕ್ಕಿನ ಬಾಗಿಲುಗಳ ಅಂಚಿನ ರಬ್ಬರು ರಾತ್ರಿ ಹೆಪ್ಪುಗಟ್ಟಿ ಕಲ್ಲಿಗೆ ಅಂಟುತ್ತದೆ. ಮಧ್ಯಾಹ್ನದ ಬಿಸಿಲಿಗಷ್ಟೇ ಸಡಿಲವಾಗುತ್ತದೆ. ಸಂಜೆ ಐದಕ್ಕೆ ತೆರೆಯದಿದ್ದರೆ ಮರುದಿನದವರೆಗೆ ತೆರೆಯುವಂತಿಲ್ಲ. ಮರುದಿನದವರೆಗೆ ಕಾದರೆ ನೀರು ಕಟ್ಟೆಯ ತಲೆಯ ಮೇಲೆ ಹರಿಯುತ್ತದೆ. ತೆರೆದ ನೀರು ಮುಕ್ಕಾಲು ಗಂಟೆಯಲ್ಲಿ ಹಿರೇಗಡ್ಡಿ ಮುಟ್ಟುತ್ತದೆ. ಮುಟ್ಟಿದಾಗ ನದಿಯ ಮೇಲಿನ ಮಂಜುಗಡ್ಡೆಯನ್ನೆಲ್ಲ ಎತ್ತಿ ಊರಿನ ಮೇಲೆ ಹಾಕುತ್ತದೆ.

ಏಳಕ್ಕೆ ಸುಮಂಗಲಾ ವೈರ್‌ಲೆಸ್‌ನಲ್ಲಿ ಕರಕಲ್ಲಿಗೆ ಈ ಸುದ್ದಿ ಕೊಟ್ಟರು. ಕರಕಲ್ಲು ಎಂದರೆ ನಡುಗಡ್ಡೆಯ ಎದುರಿನ ದಂಡೆಯ ಊರು. ಸುದ್ದಿ ಕೇಳಿದವನು ಅಲ್ಲಿನ ಪ್ರವಾಹ ಶೆಡ್ಡಿನ ಚಾಲಕ ಹುಲಿಗೆಪ್ಪ. ಅವನ ತಾಯಿ, ಹೆಂಡತಿ, ಎಂಟು ವರ್ಷದ ಮಗಳು ಹಿರೇಗಡ್ಡಿಯಲ್ಲಿದ್ದರು. ಎಷ್ಟು ಜನ ಉಳಿದಿದ್ದಾರೆ ಎಂದು ಸುಮಂಗಲಾ ಕೇಳಿದರು. ನೂರರ ಹತ್ತಿರ ಎಂದ. ಸಂಜೆ ಐದರೊಳಗೆ ಅವರನ್ನೆಲ್ಲ ಈ ದಂಡೆಗೆ ತರಲು ಆಗುತ್ತದೆಯೇ ಎಂದು ಕೇಳಿದರು.

"ಕುಂಟಿ ನಡದ್ರ ಆಗ್ತದ್ರಿ ಮೇಡಂ," ಎಂದ ಹುಲಿಗೆಪ್ಪ.

ಅವನು ಹೇಳಿದ್ದು ಹೊಲದ ಕುಂಟೆಯಲ್ಲ.

ಶೆಡ್ಡಿನಲ್ಲಿದ್ದದ್ದು ಎಂಟು ಗಾಲಿಯ ಗಾಡಿ. ಪ್ರವಾಹದಲ್ಲಿ ಜನರನ್ನು ತರಲೆಂದು ನಾಲ್ಕು ವರ್ಷದ ಹಿಂದೆ ಬಂದದ್ದು. ಮೈಯೆಲ್ಲ ಒಂದೇ ತೊಟ್ಟಿಯಂತೆ. ನೆಲದ ಮೇಲೆ ಗಾಲಿಗಳಿಂದ ಓಡುತ್ತದೆ, ನೀರಿಗಿಳಿದರೆ ತೇಲುತ್ತದೆ, ಅವೇ ಗಾಲಿಗಳು ನೀರು ತಳ್ಳುತ್ತ ನಿಧಾನ ಸಾಗುತ್ತದೆ. ಸ್ಟಿಯರಿಂಗ್ ಚಕ್ರವಿಲ್ಲ, ತಿರುಗಿಸಲು ಎರಡು ಸನ್ನೆಕೋಲುಗಳಿವೆ. ಜನ ಅದನ್ನು ಕಪ್ಪಿ, ಅಂದರೆ ಕಪ್ಪೆ, ಎಂದರು. ತೆಳುವಾದ ಮಂಜುಗಡ್ಡೆ ಒಡೆದರೂ ಮುಳುಗದ ಗಾಡಿ ಆ ಸೀಮೆಯಲ್ಲಿ ಅದೊಂದೇ. ಆದರೆ ಹಿಂದಿನ ವಾರ ಹುಲಿಗೆಪ್ಪ ಅದನ್ನು ಹಿಮಕ್ಕೆ ಇಳಿಸಿದಾಗ ಇಪ್ಪತ್ತು ಮಾರು ಹೋಗಿ ನಿಂತುಬಿಟ್ಟಿತ್ತು. ಹೊಟ್ಟೆ ಹಿಮದ ಮೇಲೆ ಕೂತು, ಎಂಟು ಗಾಲಿಗಳೂ ಗಾಳಿಯಲ್ಲಿ ತಿರುಗುತ್ತಿದ್ದವು. ಮುಂದಿನ ಹಿಮ ಸರಿಸದೆ ಕಪ್ಪಿ ನಡೆಯದು ಎಂಬುದು ಆಗ ತಿಳಿಯಿತು.

ಕರಕಲ್ಲಿನ ಕಂಬಾರ ಮಾನಪ್ಪ ಹಿಮ ಸರಿಸುವ ಯಂತ್ರವನ್ನು ಕಂಡವನಲ್ಲ. ಕಂಡದ್ದು ಮೆಣಸಿನಕಾಯಿ ಹೊಲಕ್ಕೆ ಸಾಲು ಬಿಡುವ ರಂಟೆ. ಮಣ್ಣು ಸೀಳಿ ಎರಡೂ ಬದಿಗೆ ಏರಿಸುವಂಥದ್ದು. ಅದನ್ನೇ ಆ ವಾರ ಆಳೆತ್ತರಕ್ಕೆ ಮಾಡಿ ಕುಂಟೆ ಎಂದು ಕರೆದಿದ್ದ. ಹಳೆಯ ನೀರಿನ ಟ್ಯಾಂಕರಿನ ಹೊಟ್ಟೆಯ ತಗಡು ಕೊಯ್ದು ಎರಡು ರೆಕ್ಕೆ. ತಗಡಿಗೆ ಮೊದಲೇ ಬಾಗು ಇದ್ದುದರಿಂದ ಹಿಮ ಮೇಲೆ ಬರದೆ ಮಗುಚಿಕೊಳ್ಳುತ್ತದೆ ಎಂಬ ಲೆಕ್ಕ ಅವನದು. ಕೆಳಗಿನ ಬಾಯಿಗೆ ಲಾರಿಯ ಸ್ಪ್ರಿಂಗಿನ ಪಟ್ಟಿ, ಕಾಯಿಸಿ ಬಡಿದು ಹರಿತ ಮಾಡಿದ್ದು. ಏರಿಸಿ ಇಳಿಸಲು ಬೋರ್‌ವೆಲ್ಲಿನ ಮೋಟಾರು ಎತ್ತುವ ಚೈನ್ ಪುಲ್ಲಿ. ಎಲ್ಲ ಕೂಡಿಸಿ, ದಂಡೆಯ ಹತ್ತಿರ ಮಂಜುಗಡ್ಡೆ ಒಡೆದು, ನೀರಿಗೆ ಬಿಟ್ಟು ನೋಡಿದಾಗ ಕಪ್ಪಿ ಮೂಗು ಮುಳುಗಿಸಿ ಬಾಲ ಎತ್ತಿತು. ರೆಕ್ಕೆಯ ಹಿಂದೆ ಗಾಳಿ ತುಂಬಿದ ಎರಡು ನೀಲಿ ಡ್ರಮ್ಮು ಕಟ್ಟಿದ ಮೇಲೆ ಸಮವಾಯಿತು. ಬಾಯಿ ಇಷ್ಟು ಹರಿತ ಏಕೆ, ಹಿಮ ಮೆತ್ತಗಿದೆಯಲ್ಲ ಎಂದು ಹುಲಿಗೆಪ್ಪ ಕೇಳಿದ್ದ. ಕಚ್ಚದ ಕುಂಟೆ ತನ್ನ ಕೈಯಿಂದ ಹೊರಬಿದ್ದಿಲ್ಲ ಎಂದಿದ್ದ ಮಾನಪ್ಪ.

ಏಳೂವರೆಗೆ ಇಬ್ಬರೂ ನದಿಗೆ ಇಳಿದರು. ಹುಲಿಗೆಪ್ಪ ಸನ್ನೆಗಳ ಮುಂದೆ, ಮಾನಪ್ಪ ಸರಪಳಿಯ ಬಳಿ. ಹಿಂದೆ ಹಗ್ಗದಿಂದ ಕಟ್ಟಿದ ಹರಿಗೋಲು. ಬುಟ್ಟಿಯಂತೆ ಗುಂಡಗಿರುವ ಆ ದೋಣಿ ಹಿಮದ ಮೇಲೆ ತಟ್ಟೆಯ ಹಾಗೆ ಜಾರಿ ಬರುತ್ತಿತ್ತು. ರೆಕ್ಕೆಗಳು ಹಿಮವನ್ನು ಎರಡೂ ಕಡೆ ಮಗುಚುತ್ತ ಹೋದವು. ನಡುವೆ ಗಾಡಿಯ ಅಗಲಕ್ಕೆ ನೀಲಿ ಛಾಯೆಯ, ಕನ್ನಡಿಯಂಥ ದಾರಿ ಮೂಡಿತು. ಅಡಿಯಲ್ಲಿ ಆಗಾಗ ಒಂದು ಸದ್ದು ಬರುತ್ತಿತ್ತು, ದೂರದಲ್ಲಿ ಯಾರೋ ತೊಲೆ ಎಳೆದಂತೆ. ಸದ್ದು ಬಂದಾಗಲೆಲ್ಲ ಮಾನಪ್ಪ ಸರಪಳಿಯನ್ನು ಎರಡು ಕೈಯಿಂದ ಹಿಡಿದುಕೊಳ್ಳುತ್ತಿದ್ದ, ಅದು ಅವನನ್ನು ಉಳಿಸುವ ಹಾಗೆ.

ನಡುಗಡ್ಡೆಯಲ್ಲಿ ಜನ ಗಂಟು ಕಟ್ಟಿಕೊಂಡು ನಿಂತಿದ್ದರು. ಕೌದಿಗಳನ್ನು ಮೈಗೆ ಸುತ್ತಿ ಸೊಂಟಕ್ಕೆ ಹಗ್ಗ ಬಿಗಿದಿದ್ದರು. ಕಾಲಿಗೆ ಗೊಬ್ಬರದ ಚೀಲ. ಎಲ್ಲರಿಗಿಂತ ಮುಂದೆ ಹುಲಿಗೆಪ್ಪನ ತಾಯಿ ದ್ಯಾವಮ್ಮ. ಅರವತ್ತೆಂಟರ ಮುದುಕಿ, ಗಂಡ ಸತ್ತ ಮೇಲೆ ಹತ್ತು ವರ್ಷ ತಾನೇ ಹರಿಗೋಲು ಹಾಕಿದವಳು. ಸೊಂಟದಲ್ಲಿ ಕುಡಗೋಲು ಸಿಕ್ಕಿಸಿಕೊಂಡಿದ್ದಳು. ಮಾನಪ್ಪನನ್ನು ಕಂಡು, ತಗಡನ್ನು ಒಮ್ಮೆ ತಟ್ಟಿ ನೋಡಿದಳು.

"ನೀ ಮಾಡಿಕೊಟ್ಟ ಕುಡಗೋಲು ಹುಲ್ಲು ಕೊಯ್ಯಲಿಲ್ಲ. ಇದು ಹತ್ತಿ ಕೊಯ್ದದಾ?"

"ಹುಲ್ಲಿಗೆ ಹೋಗೋ ಮುಂದ ಕಲ್ಲಿಗೆ ಮಸಿಬೇಕು ಚಿಗವ್ವ. ಅದನ್ನೂ ನಾನ ಬಂದು ಮಾಡಲೇನು?"

ನಾಲ್ಕು ಜನ ನಕ್ಕರು. ಅಂದು ನಕ್ಕದ್ದು ಅದೊಂದೇ ಸಲ.

ಮೊದಲ ಸುತ್ತಿಗೆ ಯಾರು ಎಂಬ ಮಾತು ಬಂತು. ಅಂಬಿಗರ ಕೇರಿಯಲ್ಲಿ ಒಂದು ಕಟ್ಟುಪಾಡಿದೆ. ದಾಟಿಸುವವನ ಮನೆಯವರು ಕಡೆಯ ಹರಿಗೋಲಿಗೆ ಹತ್ತಬೇಕು. ಎಂದೋ ಒಂದು ಮಹಾಪೂರದಲ್ಲಿ ಒಬ್ಬ ಅಂಬಿಗ ತನ್ನ ಹೆಂಡತಿ ಮಕ್ಕಳನ್ನು ಮೊದಲು ದಾಟಿಸಿ ಮತ್ತೆ ತಿರುಗಿ ಬರಲಿಲ್ಲವಂತೆ. ಅಂದಿನಿಂದ ಹೀಗೆ. ತನ್ನವರು ಆಚೆ ಉಳಿದಿರುವವರೆಗೆ ಅಂಬಿಗ ತಿರುಗಿ ಬರುತ್ತಾನೆ ಎಂದು ಊರು ನಂಬುತ್ತದೆ. ಹರಿಗೋಲಿಗೆ ಕಾಲಿಡುವ ಮೊದಲು ಅಂಬಿಗನ ಮನೆಯವರು ದಂಡೆಯಲ್ಲಿ ನಿಂತಿದ್ದಾರೆಯೇ ಎಂದು ಜನ ಒಮ್ಮೆ ನೋಡುವುದು ಅಲ್ಲಿ ಅವಮಾನವಲ್ಲ.

ಹುಲಿಗೆಪ್ಪನ ಹೆಂಡತಿ ಈರಮ್ಮ ಮಗಳು ಚೆನ್ನಿಯನ್ನು ಕಪ್ಪಿಯ ಕಡೆಗೆ ನೂಕಿದಳು. ಹುಡುಗಿಗೆ ಎರಡು ದಿನದಿಂದ ಜ್ವರ. ತಾನು ಬೇಕಾದರೆ ಕಡೆಗೆ ಬರುತ್ತೇನೆ, ಇವಳೊಬ್ಬಳು ಹೋಗಲಿ ಎಂದಳು. ದ್ಯಾವಮ್ಮ ಮೊಮ್ಮಗಳ ತೋಳು ಹಿಡಿದಳು.

"ಈರಿ, ಮಂದಿ ನೋಡಲಕತ್ತಾರ."

"ನೋಡ್ಲಿ ಅತ್ತಿ. ಅವರ ಮಕ್ಕಳಿಗೆ ಜ್ವರ ಇಲ್ಲ."

"ಅವರಿಗಿ ಜ್ವರ ಇಲ್ಲ, ಅಂಜಿಕಿ ಅದ. ಈಕಿ ಹತ್ತಿದಳಂದ್ರ ಎಲ್ಲಾರೂ ಒಮ್ಮೆಲೇ ಹತ್ತತಾರ. ಗಾಡಿ ಇಲ್ಲೇ ಮುಣಗ್ತದ."

ಈರಮ್ಮ ಗಂಡನ ಮುಖ ನೋಡಿದಳು. ಹುಲಿಗೆಪ್ಪ ಸನ್ನೆಗಳನ್ನು ನೋಡುತ್ತಿದ್ದ. ಚೆನ್ನಿ ಹಿಂದೆ ಸರಿದು ಅಜ್ಜಿಯ ಪಕ್ಕ ನಿಂತಳು. ಮೊದಲ ಸುತ್ತಿಗೆ ಬಾಣಂತಿಯರು, ಕೂಸುಗಳು, ಕಣ್ಣು ಕಾಣದವರು ಹೋದರು. ಕಪ್ಪಿಯಲ್ಲಿ ಹತ್ತು, ಹರಿಗೋಲಿನಲ್ಲಿ ಆರೇಳು. ಆರು ಸುತ್ತಿಗೆ ಊರು ಖಾಲಿಯಾಗುತ್ತದೆ ಎಂದು ದ್ಯಾವಮ್ಮ ಲೆಕ್ಕ ಹಾಕಿದಳು.

ತಪ್ಪು ನಡೆದದ್ದು ಎರಡನೆಯ ಮತ್ತು ಮೂರನೆಯ ಸುತ್ತುಗಳ ನಡುವೆ. ಅದನ್ನು ಯಾರೂ ತಪ್ಪು ಎಂದು ತಿಳಿಯಲಿಲ್ಲ. ಗಾಳಿ ಎದ್ದು ರೆಕ್ಕೆ ಮಗುಚಿದ ಹಿಮವನ್ನು ಮತ್ತೆ ದಾರಿಗೆ ತರುತ್ತಿತ್ತು. ಎರಡೂ ದಂಡೆಯಲ್ಲಿ ಕಾಯುತ್ತ ನಿಂತಿದ್ದ ಗಂಡಸರು ಒಕ್ಕಲು ಮಕ್ಕಳು. ಬರಿಗೈಯಲ್ಲಿ ನಿಂತು ಗೊತ್ತಿಲ್ಲ. ಮಣ್ಣು ಸಡಿಲಾಗಿ ಬಿದ್ದದ್ದು ಕಂಡರೆ ಬದು ಹಾಕುವ ಜನ. ಸಲಿಕೆ ತೆಗೆದುಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೊದಲು ದಂಡೆಯ ಹತ್ತಿರ, ಧೈರ್ಯ ಬಂದಂತೆ ನಡುನದಿಯವರೆಗೆ, ಹಿಮವನ್ನು ಎಳೆದು ಎಳೆದು ದಾರಿಯ ಎರಡೂ ಅಂಚಿಗೆ ಎದೆಮಟ್ಟದ ಬದು ಕಟ್ಟಿದರು. ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿ ಮಾಡಿದರು. ಗಾಳಿ ನಿಂತಿತು. ದಾರಿ ಸ್ವಚ್ಛವಾಯಿತು. ಹುಲಿಗೆಪ್ಪನೂ ಮೆಚ್ಚಿದ. ಮೂರನೆಯ, ನಾಲ್ಕನೆಯ ಸುತ್ತುಗಳು ಬೇಗ ಮುಗಿದವು.

ಅಣೆಕಟ್ಟೆಯಲ್ಲಿ ಸುಮಂಗಲಾ ಗಂಟೆಗೊಮ್ಮೆ ಹುಲಿಗೆಪ್ಪನಿಂದ ವರದಿ ತೆಗೆದುಕೊಳ್ಳುತ್ತಿದ್ದರು. ಬಾಗಿಲುಗಳ ಮೇಲಿನ ಭಾರ ತೋರಿಸುವ ಮುಳ್ಳುಗಳು ಮಧ್ಯಾಹ್ನದಿಂದ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಮನೆಯಿಂದ ಗಂಡ ಫೋನು ಮಾಡಿ, ಕಟ್ಟೆಯ ಕೆಳಗಿನ ಕಾಲೊನಿಯಲ್ಲಿ ಇರಬೇಕೋ ಹೊರಡಬೇಕೋ ಎಂದು ಕೇಳಿದ್ದ. ಹೊರಡು ಎಂದಿದ್ದರು. ನಾಲ್ಕರ ಹೊತ್ತಿಗೆ, ಐದನೆಯ ಸುತ್ತು ಮುಗಿಸಿ ಕರಕಲ್ಲಿನಲ್ಲಿದ್ದ ಹುಲಿಗೆಪ್ಪ ದಾರಿ ಚೆನ್ನಾಗಿದೆ, ಎರಡೂ ಕಡೆ ಬದು ನಿಂತಿದೆ ಎಂದು ಹೇಳಿದ.

ಸುಮಂಗಲಾ ಎಷ್ಟೆತ್ತರದ ಬದು ಎಂದು ಕೇಳಿದರು. ಹೇಳಿದ.

"ಬದುವಿನ ಬುಡ ಹೆಂಗದ? ಒಣಗ್ಯದೋ, ಹಸಿ ಆಗ್ಯದೋ?"

ಹುಲಿಗೆಪ್ಪ ನೆನಪು ಮಾಡಿಕೊಂಡ. ಹಿಂದಿನ ಸುತ್ತಿನಲ್ಲಿ ಬುಡದ ಉದ್ದಕ್ಕೂ ಒಂದು ಕಪ್ಪು ಗೆರೆ ಕಂಡಿತ್ತು. ಮಳೆಗಾಲದಲ್ಲಿ ಗಟ್ಟಿ ಬದುವಿನ ಬುಡ ಹಾಗೆಯೇ ಜಿನುಗುತ್ತದೆ. ಒಳ್ಳೆಯದೆಂದೇ ಅಂದುಕೊಂಡಿದ್ದ.

"ಹಸಿ ಅದ್ರಿ."

"ಹುಲಿಗೆಪ್ಪ, ಅದು ನೆಲ ಅಲ್ಲ. ನೀರಿನ ಮ್ಯಾಲೆ ತೇಲೋ ಹಲಗಿ. ಮಂಚದ ಎರಡೂ ಅಂಚಿಗೆ ಹತ್ತತ್ತು ಮಂದಿ ಕುಂತಂಗ ಆಗ್ಯದ ಈಗ. ಅಂಚು ಕೆಳಗ ಒತ್ತಿ ನೀರು ಮ್ಯಾಲೆ ಬಂದದ. ನಡುವಿನ ದಾರಿ ಎರಡೂ ಕಡಿ ಸೀಳ್ಯದ."

ಮಾನಪ್ಪ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. ಬದು ಒಡೆದು ಹಾಕಿಸೋಣ ಎಂದ. ಅಲ್ಲಿ ಈಗ ಮನುಷ್ಯರನ್ನು ನಿಲ್ಲಿಸುವುದೇ ಅಪಾಯ ಎಂದರು ಸುಮಂಗಲಾ. ಬೇರೆ ದಾರಿ ಕೊರೆಯಲು ಒಂದು ಗಂಟೆ ಬೇಕು. ಒಂದು ಗಂಟೆ ಇರಲಿಲ್ಲ. ಹೋಗುವುದಾದರೆ ಅದೇ ದಾರಿ, ಸರಿ ನಡುವೆ, ನಡಿಗೆಯ ವೇಗ. ಗಾಡಿ ಓಡಿದರೆ ಅಡಿಯಲ್ಲಿ ಅಲೆ ಎದ್ದು ಹಲಗೆ ಮುರಿಯುತ್ತದೆ. ಕಪ್ಪಿಯಲ್ಲಿ ಕಡಿಮೆ ಜನ. ಹರಿಗೋಲಿನ ಹಗ್ಗ ಉದ್ದ ಬಿಡಬೇಕು, ಎರಡು ಭಾರ ಒಂದೇ ಜಾಗದಲ್ಲಿ ಬೀಳಬಾರದು. ತಾನು ಐದೂ ಕಾಲಿನವರೆಗೆ ಬಾಗಿಲು ತಡೆಯಬಲ್ಲೆ, ಅದಕ್ಕಿಂತ ಒಂದು ನಿಮಿಷವೂ ಇಲ್ಲ ಎಂದರು. ಹಾಗೆ ತಡೆಯುವ ಅಧಿಕಾರ ಅವರಿಗಿರಲಿಲ್ಲ.

ಹುಲಿಗೆಪ್ಪ ಮಾನಪ್ಪನನ್ನು ಇಲ್ಲೇ ಇರು ಎಂದ. ಸರಪಳಿ ಯಾರು ಎಳೆಯುತ್ತಾರೆ ಎಂದು ಮಾನಪ್ಪ ಹತ್ತಿ ಕುಳಿತ.

ನಡುಗಡ್ಡೆಯಲ್ಲಿ ಉಳಿದಿದ್ದವರು ಹತ್ತರೊಳಗೆ. ಊರಿನ ನಾಯಿಗಳೆಲ್ಲ ದಂಡೆಗೆ ಬಂದು ಸಾಲಾಗಿ ಕುಳಿತಿದ್ದವು, ಒಂದೂ ಬೊಗಳುತ್ತಿರಲಿಲ್ಲ. ಹುಲಿಗೆಪ್ಪ ವಿಷಯವನ್ನು ಮುಚ್ಚಿಡದೆ ಹೇಳಿದ. ಕಪ್ಪಿಯಲ್ಲಿ ಈರಮ್ಮ, ಚೆನ್ನಿ, ಕುಂಟುವ ಒಬ್ಬ ಮುದುಕ, ಇನ್ನಿಬ್ಬರು ಹೆಂಗಸರು, ಮಾನಪ್ಪ. ಹರಿಗೋಲಿಗೆ ಗಂಟುಗಳು. ಆದರೆ ಉದ್ದ ಹಗ್ಗದಲ್ಲಿ ಬರಿಯ ಹರಿಗೋಲು ಅತ್ತಿತ್ತ ಬೀಸಿ ಬದುವಿಗೆ ಬಡಿಯುತ್ತದೆ. ಹುಟ್ಟುಗೋಲಿನಿಂದ ತಡೆಯುತ್ತ ನೇರ ತರಲು ಒಬ್ಬರು ಬೇಕು. ಉಳಿದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದ್ಯಾವಮ್ಮ ಅವರಿಬ್ಬರನ್ನೂ ಕಪ್ಪಿಯ ಹಿಂದಿನ ಹಲಗೆಗೆ ಕಳಿಸಿ, ಹರಿಗೋಲು ಹತ್ತಿ ಕುಳಿತಳು.

"ಕಡೀ ಹರಿಗೋಲು ನಮ್ದು," ಎಂದಳು. "ನಡಿ ಹುಲಿಗ್ಯಾ."

ದಾರಿಯ ಅರ್ಧದವರೆಗೆ ಏನೂ ಆಗಲಿಲ್ಲ. ಬಿಸಿಲು ಹಳದಿಯಾಗಿ ಬದುಗಳ ಮೇಲೆ ಬಿದ್ದಿತ್ತು. ಬದುವಿನ ಬುಡದಲ್ಲಿ ಈಗ ಗೆರೆಯಿರಲಿಲ್ಲ, ನೀರೇ ನಿಂತಿತ್ತು, ಅದರ ಮೇಲೆ ಹಿಮದ ಪುಡಿ ನಿಧಾನವಾಗಿ ಚಲಿಸುತ್ತಿತ್ತು. ಚೆನ್ನಿ ತಾಯಿಯ ಕೌದಿಯೊಳಗಿಂದ ಒಂದು ಕಣ್ಣು ಹೊರಗೆ ಹಾಕಿ, ಹಿಂದೆ ಬರುತ್ತಿದ್ದ ಅಜ್ಜಿಯನ್ನು ನೋಡುತ್ತಿದ್ದಳು.

ಎಡಗಡೆಯ ಬದು ಇಳಿಯಿತು. ಕುಸಿಯಲಿಲ್ಲ; ಇದ್ದ ಹಾಗೆಯೇ, ಉದ್ದಕ್ಕೂ, ಕೆಳಗೆ ಹೋಯಿತು. ಅದರ ಜಾಗದಲ್ಲಿ ಕರಿಯ ನೀರು ಬಂತು. ಕಪ್ಪಿಯ ಕೆಳಗಿನ ಮಂಜುಗಡ್ಡೆಯ ಹಲಗೆ ವಾಲಿ, ಎರಡಾಗಿ, ಗಾಡಿ ಮೂಗು ಕೆಳಗಾಗಿ ನೀರಿಗೆ ಬಿತ್ತು. ಯಾರೋ ದೇವರ ಹೆಸರು ಹೇಳಿದರು. ನೀರು ಮಾನಪ್ಪನ ಎದೆಯವರೆಗೆ ಬಂದು ಹಿಂದೆ ಸರಿಯಿತು. ನೀಲಿ ಡ್ರಮ್ಮುಗಳು ಮೂಗನ್ನು ಎತ್ತಿದವು. ಕಪ್ಪಿ ತೇಲಿತು.

ಮುಂದೆ ಐದಾರು ಮಾರು ನೀರು, ಅದರಾಚೆ ಗಟ್ಟಿ ಅಂಚು. ಹುಲಿಗೆಪ್ಪ ಅಂಚಿಗೆ ಗಾಡಿ ತಂದ. ಮುಂದಿನ ಗಾಲಿಗಳು ಅಂಚಿಗೆ ತಾಗಿ ಜಾರಿದವು. ಮತ್ತೆ ತಂದ, ಮತ್ತೆ ಜಾರಿದವು. ಆಗ ಮಾನಪ್ಪ ಸರಪಳಿ ಎಳೆದು ಕುಂಟೆಯನ್ನು ಪೂರ್ತಿ ಎತ್ತಿ, ಅಂಚಿನಾಚೆಗೆ, ಗಟ್ಟಿ ಮಂಜುಗಡ್ಡೆಯ ಮೇಲೆ ಬಿಟ್ಟ. ಲಾರಿಯ ಪಟ್ಟಿಯ ಬಾಯಿ ಕಚ್ಚಿತು. ಮಾನಪ್ಪ ಸರಪಳಿ ಸುತ್ತಿದಂತೆ ಕಪ್ಪಿ ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳತೊಡಗಿತು. ಮೊದಲ ಜೋಡಿ ಗಾಲಿ ಹತ್ತಿತು. ಎರಡನೆಯ ಜೋಡಿ ಹತ್ತಿತು. ಅಲ್ಲಿ ನಿಂತಿತು.

ಹಿಂದಿನ ಹಗ್ಗ ಬಿಗಿದಿತ್ತು. ಹರಿಗೋಲು ನೀರಿನ ಆಚೆಯ ಅಂಚಿನಲ್ಲಿ, ಮುರಿದು ಮೇಲೆದ್ದ ಮಂಜುಗಡ್ಡೆಗೆ ಸಿಕ್ಕಿಬಿದ್ದಿತ್ತು. ದ್ಯಾವಮ್ಮ ಹುಟ್ಟಿನಿಂದ ನೂಕಿ ನೋಡಿದಳು, ಅದು ಅಲುಗಲಿಲ್ಲ. ಕಪ್ಪಿಯ ಬಾಲ ನೀರಿನಲ್ಲಿತ್ತು, ನೀರು ಹಿಂದಿನ ಹಲಗೆ ದಾಟಿ ಒಳಗೆ ಬರತೊಡಗಿತ್ತು. ಹಗ್ಗದ ಗಂಟು ನೀರಿನಡಿಯ ಕೊಂಡಿಯಲ್ಲಿತ್ತು. ಹಿಂದೆ ಕುಳಿತವನೊಬ್ಬ ಕೈ ಮುಳುಗಿಸಿ ಬಿಚ್ಚಲು ನೋಡಿದ, ಬೆರಳು ಮಡಚಲಾಗದೆ ಕೈ ಹೊರಗೆ ತೆಗೆದ. ಕುಂಟೆ ಕಚ್ಚಿದ ಜಾಗದಿಂದ ಒಂದು ಬಿಳಿಯ ಬಿರುಕು ಮುಂದಕ್ಕೆ ಓಡಿತು. ಆ ಅಂಚು ಒಡೆದರೆ ಎಲ್ಲರೂ ಹಿಂದಕ್ಕೆ.

ದ್ಯಾವಮ್ಮ ಎದ್ದು ನಿಂತದ್ದನ್ನು ಚೆನ್ನಿ ನೋಡಿದಳು. ಮುದುಕಿ ಸೊಂಟದ ಕುಡಗೋಲು ತೆಗೆದು ಹಗ್ಗಕ್ಕೆ ಹಾಕಿದಳು. ಹಗ್ಗ ನೈಲಾನಿನದು, ಹೊಸದು, ಬೇಗ ಹರಿಯಲಿಲ್ಲ. ಹುಲಿಗೆಪ್ಪ ತಿರುಗಿ ನೋಡಿ ಬ್ಯಾಡ ಎಂದು ಕೂಗಿದ. ಅವಳು ತಲೆ ಎತ್ತಲಿಲ್ಲ. ಕೊಯ್ಯುತ್ತಲೇ ಏನೋ ಅಂದಳು, ಹಿಂದೆ ಕುಳಿತವರಿಗಷ್ಟೇ ಕೇಳಿಸಿತು.

"ಮಾನಪ್ಪಗ ಹೇಳ್ರಿ, ಕುಡಗೋಲು ಮಸದೀನಂತ."

ಹಗ್ಗ ಹರಿಯಿತು. ಕಪ್ಪಿ ಒಮ್ಮೆಲೇ ಮುಂದಕ್ಕೆ ಹಾರಿ ಗಟ್ಟಿ ದಾರಿಯ ಮೇಲೆ ನಿಂತಿತು.

ಅಣೆಕಟ್ಟೆಯಲ್ಲಿ ಐದೂ ಕಾಲಾಗಿತ್ತು. ವೈರ್‌ಲೆಸ್‌ನಲ್ಲಿ ಹುಲಿಗೆಪ್ಪನ ದನಿ ಬರಲಿಲ್ಲ. ಸುಮಂಗಲಾ ಎರಡು ಸಲ ಕರೆದರು. ಮುಖ್ಯ ಎಂಜಿನಿಯರರ ಫೋನು ಬಡಿಯುತ್ತಲೇ ಇತ್ತು. ಸುಮಂಗಲಾ ಗುಂಡಿ ಒತ್ತಿದರು. ಬಾಗಿಲುಗಳು ಒಂದೊಂದಾಗಿ ಎದ್ದವು. ಕೊನೆಯ ಎರಡು ಏಳಲಿಲ್ಲ. ತಡೆದ ಕಾಲು ಗಂಟೆಯಲ್ಲಿ ನೆರಳಿನ ಬದಿಯ ರಬ್ಬರು ಮತ್ತೆ ಅಂಟಿತ್ತು. ಎದ್ದವು ಸಾಕಾದವು.

ಉಳಿದ ದಾರಿಯನ್ನೂ ನಡಿಗೆಯ ವೇಗದಲ್ಲೇ ದಾಟಿ, ಆರರ ಹತ್ತಿರ ಹುಲಿಗೆಪ್ಪ ದಂಡೆ ಮುಟ್ಟಿ ಜನರನ್ನು ಇಳಿಸಿದ. ಈರಮ್ಮ ಇಳಿಯುವಾಗ 'ಅತ್ತಿ' ಎಂದಷ್ಟೇ ಅಂದಳು. ಅವನು ಆಗಲೇ ಸನ್ನೆ ಎಳೆದು ಗಾಡಿ ತಿರುಗಿಸುತ್ತಿದ್ದ. ಮಾನಪ್ಪ ಇಳಿದಿರಲಿಲ್ಲ. ನಡುನದಿಯಲ್ಲಿ ಹರಿಗೋಲು ಕಾಣುತ್ತಿತ್ತು, ಸಂಜೆಯ ಬಿಳುಪಿನಲ್ಲಿ ಒಂದು ಕಪ್ಪು ಬೊಟ್ಟು. ಅಷ್ಟರಲ್ಲಿ ಪಶ್ಚಿಮದಿಂದ ಸದ್ದು ಬಂತು. ಮೊದಲು ಸದ್ದಲ್ಲ, ಕಾಲಡಿಯ ನಡುಕ. ದಂಡೆಯ ಮೇಲಿದ್ದ ನೂರು ಜನರೂ ಹಿಂದಕ್ಕೆ ಓಡಿದರು.

ಕಪ್ಪಿ ನದಿಯ ಅಂಚಿಗೆ ಬಂದಾಗ ಮಾನಪ್ಪ ಸರಪಳಿ ಬಿಟ್ಟುಬಿಟ್ಟ. ಕುಂಟೆ ಬಿದ್ದು ದಂಡೆಯ ನೆಲವನ್ನು ಒಂದು ಮೊಳ ಕಚ್ಚಿತು. ಗಾಲಿಗಳು ತಿರುಗಿದವು, ಗಾಡಿ ಹೋಗಲಿಲ್ಲ.

"ಎತ್ತು," ಎಂದ ಹುಲಿಗೆಪ್ಪ.

ಮಾನಪ್ಪ ಪುಲ್ಲಿಯಿಂದ ಸರಪಳಿಯನ್ನು ಕಿತ್ತು ಹೊರಗೆ ಎಸೆದ. ಹುಲಿಗೆಪ್ಪ ಅವನ ಮುಖಕ್ಕೆ ಹೊಡೆದ, ಮತ್ತೆ ಹೊಡೆದ. ಮಾನಪ್ಪ ಕೈ ಎತ್ತಲಿಲ್ಲ. ಅವರ ಮುಂದೆ, ಹತ್ತು ಮಾರಿನಾಚೆ, ನದಿ ಉಬ್ಬಿ ಎದ್ದಿತು. ಬೆಳಗಿನಿಂದ ಅವರು ಕೊರೆದ ದಾರಿ, ಉಳಿದ ಬದು, ಎಲ್ಲ ಹಲಗೆ ಹಲಗೆಯಾಗಿ ಒಂದರ ಮೇಲೊಂದು ಏರಿ ಪೂರ್ವಕ್ಕೆ ಹೊರಟಿತು. ಆ ಹಲಗೆಗಳ ನಡುವೆ, ನೀರಿನ ಮೇಲೆ, ಹರಿಗೋಲು ಒಂದು ಸಲ ಕಂಡಿತು. ಅದರಲ್ಲಿ ಕುಳಿತವಳು ಹುಟ್ಟು ಹಾಕುತ್ತಿದ್ದಳು. ಹಾಗೆಂದು ಈರಮ್ಮ ಹೇಳುತ್ತಾಳೆ, ಚೆನ್ನಿ ಹೇಳುತ್ತಾಳೆ. ಹುಲಿಗೆಪ್ಪ ತಾನು ನೋಡಲಿಲ್ಲ ಎನ್ನುತ್ತಾನೆ.

ಹಿರೇಗಡ್ಡಿಯಲ್ಲಿ ಈಗ ಮನೆಗಳಿಲ್ಲ. ಹರಿಗೋಲು ಮೂರನೆಯ ದಿನ ಕೆಳಗಿನ ತಿರುವಿನಲ್ಲಿ ಮಂಜುಗಡ್ಡೆಯ ನಡುವೆ ಸಿಕ್ಕಿತು. ಮಗುಚಿರಲಿಲ್ಲ. ಗಂಟುಗಳು ಇದ್ದವು. ಹುಟ್ಟು ಇರಲಿಲ್ಲ.

ಮಾನಪ್ಪ ಕುಂಟೆಯ ಎಡ ರೆಕ್ಕೆ ಕೊಯ್ದು ತೆಗೆದ, ಬಲ ರೆಕ್ಕೆಯನ್ನು ಉದ್ದ ಮಾಡಿದ. ಹಿಮ ಈಗ ಒಂದೇ ಕಡೆ, ತೆಳ್ಳಗೆ, ದೂರ ಚೆಲ್ಲುತ್ತದೆ. ಸಲಿಕೆ ಹಿಡಿದು ಯಾರೂ ನದಿಗೆ ಇಳಿಯಕೂಡದು ಎಂದು ಸುಮಂಗಲಾ ಎಲ್ಲ ದಂಡೆಗಳಿಗೂ ವೈರ್‌ಲೆಸ್‌ನಲ್ಲಿ ಹೇಳಿದರು.

ಮುಂದಿನ ವಾರ, ನದಿ ಮತ್ತೆ ಹೆಪ್ಪುಗಟ್ಟಿದ ಮೇಲೆ, ಕೆಳಗಿನ ಇನ್ನೊಂದು ನಡುಗಡ್ಡೆ ಕರಿಗಡ್ಡಿಯ ತೆರವು ಶುರುವಾಯಿತು. ಕಪ್ಪಿ ನಡೆಸಿದವನು ಹುಲಿಗೆಪ್ಪನೇ, ಸರಪಳಿಯ ಬಳಿ ಮಾನಪ್ಪನೇ. ಇಬ್ಬರೂ ಮಾತಾಡುತ್ತಿರಲಿಲ್ಲ. ದಾರಿ ತೋರಿಸಲು ಕರಿಗಡ್ಡಿಯ ಅಂಬಿಗ ಜೊತೆಗಿದ್ದ. ಗಾಡಿ ಆ ದಂಡೆಗೆ ಹೋಗಿ ನಿಂತಾಗ ಜನ ಗಂಟುಗಳೊಂದಿಗೆ ಕಾಯುತ್ತಿದ್ದರು. ಅಂಬಿಗ ಕೆಳಗಿಳಿದು, ತನ್ನ ತಾಯಿಯನ್ನೂ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಮೊದಲ ಸುತ್ತಿಗೇ ಹತ್ತಿಸಿದ. ಜನ ನೋಡಿದರು. ಕಟ್ಟುಪಾಡಿನ ಮಾತೆತ್ತದೆ ಮುಂದಿನ ಸುತ್ತಿಗೆ ಸಾಲು ನಿಂತರು.